ಸೋಮಮ್ಮ ಎಲ್ಲಿರಬೇಕು?

ಆಟೋ ನಿಂತ ಸದ್ದಿಗೆ ಮೃತ್ಯುಂಜಯ ಗೇಟಿನ ಬಳಿ ಬಂದ. ಗುಂಡ್ಲುಪೇಟೆಯ ಆ ಮನೆ ಅವನದು; ಅವನ ಸಂಸಾರ ಮಹಡಿಯಲ್ಲಿತ್ತು. ಕೆಳಗಿನ ಭಾಗದಲ್ಲಿ ಹನ್ನೊಂದು ವರ್ಷದಿಂದ ಸೋಮಮ್ಮ ಮತ್ತು ಅವಳ ಮಗಳು ಕುಮಾರಿ ಬಾಡಿಗೆಗಿದ್ದರು. ಹೊಟ್ಟೆಯ ಕ್ಯಾನ್ಸರ್ ಹಿಂಡಿಹಾಕಿದ್ದ ಸೋಮಮ್ಮ ಆಟೋದೊಳಗೆ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

"ಡಾಕ್ಟರು ಏನಂದ್ರು?"

"ಇನ್ನೇನೂ ಮಾಡಕಾಗಲ್ಲ, ಮನೆಗೆ ಕರ್ಕೊಂಡೋಗಿ ಅಂದ್ರು. ನೋವಿಗೆ ಔಷಧಿ ಕೊಟ್ಟವ್ರೆ," ಎಂದಳು ಕುಮಾರಿ.

ಮೃತ್ಯುಂಜಯ ದನಿ ತಗ್ಗಿಸಿದ. "ಬೇಜಾರು ಮಾಡ್ಕೋಬೇಡ ಕಣಮ್ಮ. ಇಲ್ಲಿ ಏನಾದ್ರೂ ಆಗಿ, ಪ್ರಾಣ ಹೋದ ನಕ್ಷತ್ರ ಸರಿಯಿಲ್ಲ ಅಂದ್ರೆ ಆರು ತಿಂಗಳು ಮನೆಗೆ ಬೀಗ ಹಾಕಬೇಕು. ಚಿಕ್ಕ ಮಕ್ಕಳಿರೋ ಮನೆ. ಆಸ್ಪತ್ರೇಲೇ ಇರಿಸು."

ಕುಮಾರಿಗೆ ರೇಗಿತು.

"ಆಸ್ಪತ್ರೆಯೋರು ಮನೆಗೋಗಿ ಅಂತಾರೆ. ನೀವು ಆಸ್ಪತ್ರೆಗೋಗಿ ಅಂತೀರಿ. ತೆರಕಣಾಂಬೀಲಿರೋ ಮಾವ, ಮಗಳ ಮದ್ವೆ ಇಟ್ಕೊಂಡಿವ್ನಿ, ಈಗ ಬ್ಯಾಡ ಅಂತಾನೆ. ಎಲ್ಲಾರೂ ಅವರವರ ಕಷ್ಟ ಹೇಳ್ತೀರಿ ಅಣ್ಣ. ನೀನೆಲ್ಲಿರ್ತೀಯ ಅಂತ ನಮ್ಮವ್ವನ್ನ ಒಬ್ರಾದ್ರೂ ಕೇಳಿದ್ರಾ?"

"ಇಳಿಸ್ತೀರೋ ಇಲ್ವೋ ಬೇಗ ಹೇಳಿ, ಸ್ಕೂಲ್ ಟ್ರಿಪ್ ಐತೆ," ಎಂದು ಆಟೋದವನು ಗೊಣಗಿದ.

ಒಳಗಿನಿಂದ ಸೋಮಮ್ಮನೇ ಬಾಯಿಬಿಟ್ಟಳು. "ನನ್ನ ಚಾಪೆ ಮೇಲೆ ಮಲಗಿಸ್ರಪ್ಪ. ಗುರುತಿಲ್ದೋರ ಮಕ ನೋಡ್ಕೊಂಡು ಸಾಯಕ್ಕೆ ನನ್ ಕೈಲಾಗಲ್ಲ."

ಅಷ್ಟರಲ್ಲಿ ಮೃತ್ಯುಂಜಯನ ತಾಯಿ ಚಿಕ್ಕಮಲ್ಲಮ್ಮ ಮೆಟ್ಟಿಲಿಳಿದು ಬಂದಳು.

"ನಿಮ್ಮಪ್ಪನ್ನ ಮೈಸೂರು ಆಸ್ಪತ್ರೆಯಿಂದ ಯಾಕ್ಲಾ ವಾಪಸ್ ಕರ್ಕೊಂಬಂದೆ?"

"ಮನೇಲೇ ಪ್ರಾಣ ಬುಡ್ತೀನಿ ಅಂತ ಅವ್ರೇ ಅಂದ್ರಲ್ಲವ್ವ."

"ಆಗ ಯಾರತ್ರ ನಕ್ಷತ್ರ ಕೇಳ್ದೆ?"

"ಅದು ನಮ್ಮನೆ ಅಲ್ವಾ?"

"ಕೆಳಗಿಂದು ಅವಳ ಮನೆ ಕಣ್ಲಾ. ಇಷ್ಟು ವರ್ಷ ಗುಡ್ಸಿ ಸಾರ್ಸಿದ್ದು ನೀನಾ?"

ಮುದುಕಿ ಬಗ್ಗಿ ಸೋಮಮ್ಮನ ಕಾಲು ಹಿಡಿದು ಎತ್ತಲು ನೋಡಿದಳು. ಆಗಲಿಲ್ಲ. "ನೀ ಬುಡವ್ವ, ಸೊಂಟ ಹಿಡ್ಕೋತದೆ," ಎಂದು ಬೈದುಕೊಳ್ಳುತ್ತಲೇ ಮೃತ್ಯುಂಜಯ ಸೋಮಮ್ಮನನ್ನು ಎತ್ತಿಕೊಂಡ. ಅವಳು ಇಷ್ಟು ಹಗುರವಾಗಿರುತ್ತಾಳೆಂದು ಅವನು ಎಣಿಸಿರಲಿಲ್ಲ.

ಸೋಮಮ್ಮ ಹದಿನಾರು ದಿನ ಇದ್ದಳು. ಮೊದಲೆರಡು ದಿನ ಆ ಕಡೆ ತಲೆಹಾಕದ ಮೃತ್ಯುಂಜಯ, ಮೂರನೆಯ ಸಂಜೆಯಿಂದ ದಿನವೂ ಬಾಗಿಲಲ್ಲಿ ನಿಂತು "ನೋವು ಎಂಗದೆ?" ಎಂದು ಕೇಳತೊಡಗಿದ. ಕೊನೆಯ ಬೆಳಿಗ್ಗೆ ಸೋಮಮ್ಮ ಮಗಳ ಕೈಯಿಂದ ಎರಡು ಚಮಚ ಕಾಫಿ ಕುಡಿದು ಕಣ್ಣುಮುಚ್ಚಿದಳು.

ಮಣ್ಣು ಮಾಡಿದ ಮಾರನೆಯ ದಿನ ಪಕ್ಕದ ಮನೆಯ ಪುಟ್ಟಮಾದಯ್ಯ ಬಂದ. "ನಕ್ಷತ್ರ ಕೆಟ್ಟದ್ದಂತೆ. ಬೀಗ ಹಾಕ್ಬುಡಪ್ಪ."

"ಬೀಗ ಹಾಕಿದ್ರೆ ಕುಮಾರಿ ಎಲ್ಲಿರ್ಬೇಕು? ನಿಮ್ಮನೇಲಿ ಇಟ್ಕೋತೀರಾ?" ಮೃತ್ಯುಂಜಯನ ದನಿಯಲ್ಲಿ ಸಿಟ್ಟಿತ್ತು.

ಪುಟ್ಟಮಾದಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಟ. ಮೃತ್ಯುಂಜಯ ಒಳಗೆ ಹೋಗಿ, ಕುಮಾರಿಯ ತೊಟ್ಟಿಗೆ ನೀರು ಬಿಡಲು ಮೋಟಾರ್ ಹಾಕಿದ.