ಬಟ್ಟೆಯ ಬಸಿರು

"ಬಸುರಿಯರು ಯಾರಾದ್ರೂ ಇದ್ರೆ ದಯವಿಟ್ಟು ಮುಂದೆ ಬನ್ನಿ. ಹೆದರ್ಕೋಬೇಡಿ, ಕಂಪನಿ ನಿಮ್ಮ ಜೊತೆಗಿದೆ" ಎಂದು ಆಫೀಸರ್ ಮೈಕಿನಲ್ಲಿ ಕರೆದಾಗ ಇನ್ನೂರು ಹೆಂಗಸರಿದ್ದ ಆ ಹೊಲಿಗೆ ಹಾಲಿನಲ್ಲಿ ಒಬ್ಬಳೂ ಕದಲಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದರು. ಆಗಲೇ ಪೋಣಿಸಿ ಮುಗಿಸಿದ್ದವರು ದಾರ ಕಿತ್ತು ಇನ್ನೊಮ್ಮೆ ಪೋಣಿಸಿದರು.

ಕದಲುವುದಾದರೂ ಯಾವ ಧೈರ್ಯದ ಮೇಲೆ? ಈ ಶರ್ಟ್ ಫ್ಯಾಕ್ಟರಿಯಲ್ಲಿ ಹೆರಿಗೆ ರಜೆ ಇತ್ತು, ಸಂಬಳ ಸಮೇತ ಇತ್ತು, ಆ ನಿಯಮ ಬರೆದು ಗೋಡೆಗೆ ಅಂಟಿಸಿ ಗಾಜು ಕೂಡ ಹಾಕಿಸಿದ್ದರು. ಆದರೆ ಅದು ಒಂದು ವರ್ಷ ಬಿಡದೆ ದುಡಿದವರಿಗೆ. ಹೊಟ್ಟೆ ಕಂಡ ವಾರವೇ ಕಂಟ್ರಾಕ್ಟರ್ ಹಲ್ಲು ಕಿರಿಯುತ್ತಾ ಬಂದು, "ನಿಂಗೆ ಸ್ವಲ್ಪ ದಿನ ಬ್ರೇಕಮ್ಮ, ಆಮೇಲೆ ಹೊಸದಾಗಿ ಸೇರ್ಕೊಳ್ಳುವಂತೆ" ಎನ್ನುತ್ತಿದ್ದ. ಹೊಸದಾಗಿ ಸೇರಿದವಳಿಗೆ ಯಾವ ರಜೆ, ಯಾವ ಸಂಬಳ? ಹಿಂದೊಮ್ಮೆ ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಡುತ್ತೇವೆ ಎಂದು ಹೀಗೇ ಬಾಯ್ತುಂಬ ಕರೆದಿದ್ದರು. ಮಾತ್ರೆಗೆ ಕೈಯೊಡ್ಡಿದವರ ಪೈಕಿ ಒಬ್ಬಳೂ ಮುಂದಿನ ಸಂಬಳದ ದಿನ ಅಲ್ಲಿರಲಿಲ್ಲ. ಹೆಂಗಸರಿಗೆ ಮಾತ್ರೆ ಕೊಟ್ಟು ಹಿಡಿಯುವ ಬುದ್ಧಿ ಅದು, ಇಲಿಗೆ ಇಟ್ಟ ಹಾಗೆ. ಥೂ.

ಗುಂಡಿಯಕ್ಕನಿಗೆ ಆಗ ಐದು ತಿಂಗಳು. ಶರ್ಟಿಗೆ ಗುಂಡಿ ಕೂರಿಸುವ ಮಶೀನು ಅವಳದು, ಹಾಗಾಗಿ ಆ ಹೆಸರು. ಕಟಿಂಗ್ ವಿಭಾಗದಲ್ಲಿ ಉಳಿದ ಅಗಲವಾದ ಬಟ್ಟೆಪಟ್ಟಿಯೊಂದನ್ನು ದಿನಾ ಬೆಳಿಗ್ಗೆ ಹೊಟ್ಟೆಗೆ ಬಿಗಿದು, ಮೇಲೆ ದೊಗಲೆ ಏಪ್ರನ್ ಹಾಕಿಕೊಂಡು ಬರುತ್ತಿದ್ದಳು. ಊಟದ ಹೊತ್ತಿಗೆ ಉಸಿರು ಮೇಲಕ್ಕೂ ಬಾರದೆ ಕೆಳಕ್ಕೂ ಇಳಿಯದೆ ಜೀವ ಹಿಂಡುತ್ತಿತ್ತು. ಆದರೂ ತಡೆದುಕೊಂಡಿದ್ದಳು. ಇನ್ನೆರಡು ತಿಂಗಳು ಹೇಗೋ ಕಳೆದರೆ ಅವಳಿಗೆ ಇಲ್ಲಿ ವರ್ಷ ತುಂಬುತ್ತಿತ್ತು. ಆಮೇಲೆ ಪಟ್ಟಿ ಬಿಚ್ಚಿ ಎಸೆದು, ಆಫೀಸರ್ ಮುಂದೆ ಎದೆಯೆತ್ತಿ ನಿಂತು ರಜೆ ಕೇಳಬಹುದಿತ್ತು.

ಆ ರಜೆ, ಆ ಸಂಬಳ ಇಲ್ಲದಿದ್ದರೆ ಮತ್ತೆ ಅದೇ ದೊಡ್ಡಾಸ್ಪತ್ರೆಯೇ ಗತಿ. ಮೊದಲ ಮಗಳು ಹುಟ್ಟಿದ್ದು ಅಲ್ಲೇ. ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು. ಪಕ್ಕದವಳ ಕಾಲು ಇವಳ ಮುಖದ ಹತ್ತಿರ, ಇವಳ ಕಾಲು ಅವಳ ಮುಖದ ಹತ್ತಿರ. ಹಾಸಿಗೆಯ ಬಟ್ಟೆ ಹಿಂದಿನವಳ ರಕ್ತದಲ್ಲೇ ಒಣಗಿ ಗಟ್ಟಿಯಾಗಿತ್ತು. ನೋವಿನಲ್ಲಿ ಕೂಗಿದರೆ ನರ್ಸು, "ಆವಾಗ ಕೂಗ್ಲಿಲ್ವಾ, ಈಗ್ಯಾಕೆ ಕೂಗ್ತೀಯ?" ಎಂದು ಗದರಿದ್ದಳು. ಮಗು ಹುಟ್ಟಿದ ಮೇಲೆ ಆಯಾ ಅದನ್ನು ಬಟ್ಟೆಯಲ್ಲಿ ಸುತ್ತಿ, ಅದರ ಮುಖ ಮುಚ್ಚಿ ಹಿಡಿದು ನಿಂತಳು. ಕೈ ಬೆಚ್ಚಗೆ ಮಾಡಿದರೆ ಮಾತ್ರ ಮುಖ ತೋರಿಸುತ್ತಾಳಂತೆ! ಗಂಡ ಹೊರಗೆ ಓಡಿ, ವ್ಯಾನ್ ಓಡಿಸುವ ಗೆಳೆಯನ ಹತ್ತಿರ ಸಾಲ ಕೇಳಿ ತರುವ ತನಕ ತಾಯಿಗೆ ತನ್ನ ಮಗುವಿನ ಮುಖ ಕಂಡಿರಲಿಲ್ಲ. ಅದನ್ನು ನೆನೆದರೆ ಗುಂಡಿಯಕ್ಕನಿಗೆ ಇವತ್ತಿಗೂ ಬಾಯಲ್ಲಿ ಕಹಿ ನೀರು ಬರುತ್ತಿತ್ತು. ಈ ಸಲ ಸಾಲದ ಮೊರೆ ಹೋಗದೆ, ಸಂಬಳದಲ್ಲೇ ಸಣ್ಣದೊಂದು ನರ್ಸಿಂಗ್ ಹೋಮಿನಲ್ಲಿ ಹೆರಬೇಕು, ಇಷ್ಟೇ ಅವಳ ಆಸೆ.

ಮೈಕಿನಲ್ಲಿ ಕರೆದ ಮರುದಿನ ಆಫೀಸರ್ ಅವಳನ್ನು ಒಳಗೆ ಕರೆಸಿದ. ಬಾಯಿ ತೆರೆದರೆ ಬೆಣ್ಣೆಯೇ ಇಳಿಯುವ ಮನುಷ್ಯ.

"ಬಾಮ್ಮ, ಕೂತ್ಕೋ. ನಮ್ಮ ಶರ್ಟು ಕೊಂಡ್ಕೊಳ್ಳೋ ದೇಶದಿಂದ ಒಬ್ರು ಮೇಡಂ ಬರ್ತಾರೆ. ಹೆರಿಗೆ ಸೌಲಭ್ಯ ಹೇಗಿದೆ ಅಂತ ನೋಡೋದೇ ಅವರ ಕೆಲಸ. ಒಬ್ಳು ಬಸುರಿ ಜೊತೆ ಮಾತಾಡ್ಬೇಕಂತೆ. ಇನ್ನೂರು ಹೆಂಗಸ್ರಲ್ಲಿ ಒಬ್ಳೂ ಬಸುರಿ ಇಲ್ಲ ಅಂದ್ರೆ ಯಾರಮ್ಮ ನಂಬ್ತಾರೆ?"

"ಅದಕ್ಕೆ ನಾನೇನು ಮಾಡ್ಲಿ ಸಾರ್?"

"ನೀನೇ ಬಸುರಿ ಆಗ್ಬೇಕು. ಒಂದು ಗಂಟೆ ಅಷ್ಟೇ! ಲೈನ್ ಮೇಡಂ ಬಟ್ಟೆ ತುಂಬಿ ಹೊಟ್ಟೆ ಹೊಲಿದು ಕೊಡ್ತಾರೆ. ನಿಂದು ಸುಳ್ಳು ಹೇಳೋ ಮುಖವೇ ಅಲ್ಲ, ಅದಕ್ಕೇ ನಿನ್ನ ಆರಿಸಿದ್ದು."

ಗುಂಡಿಯಕ್ಕನಿಗೆ ನಗು, ಅಳು ಎರಡೂ ಒಟ್ಟಿಗೆ ನುಗ್ಗಿ ಬಂದವು. 'ನಾನು ನಿಜವಾಗ್ಲೂ ಬಸುರಿ ಕಣ್ರೀ' ಎಂಬ ಮಾತು ನಾಲಿಗೆ ತುದಿಗೆ ಬಂದೇ ಬಿಟ್ಟಿತ್ತು. ನುಂಗಿಕೊಂಡಳು. ಹೇಳಿದರೆ ಆ ಮೇಡಂ ಇರುವ ತನಕ ಮೆರವಣಿಗೆ, ಹೋದ ಮೇಲೆ ಬ್ರೇಕು. ಸುಮ್ಮನಿದ್ದರೆ ಇನ್ನೊಂದು ಲಾಭವಿತ್ತು: ಬಸುರಿಯ ವೇಷ ಹಾಕಿದವಳು ನಿಜಕ್ಕೂ ಬಸುರಿಯಿರಬಹುದು ಎಂದು ಯಾವ ಕಂಟ್ರಾಕ್ಟರಿಗೂ ಹೊಳೆಯುವುದಿಲ್ಲ. "ಆಯ್ತು ಸಾರ್" ಎಂದಳು.

ರಟ್ಟಿನ ಡಬ್ಬ ತುಂಬಿದ್ದ ಕೋಣೆಗೆ ಗುಲಾಬಿ ಬಣ್ಣ ಬಳಿದು, ಬಾಗಿಲಿಗೆ 'ತಾಯಂದಿರ ಕೋಣೆ' ಎಂಬ ಹಲಗೆ ಹೊಡೆದರು. ಒಳಗೆ ತೊಟ್ಟಿಲು ಬಂತು, ಪ್ಲಾಸ್ಟಿಕ್ ಹೊದಿಕೆ ತೆಗೆಯದ ಸೋಫಾ ಬಂತು. ಹಸಿ ಬಣ್ಣದ ವಾಸನೆಗೆ ಗುಂಡಿಯಕ್ಕನಿಗೆ ವಾಂತಿಯಾಯಿತು. ಹೊಲಿಗೆ ಸಾಲಿನ ಮೇಲ್ವಿಚಾರಕಿ ಲೈನ್ ಮೇಡಂ ಚಪ್ಪಾಳೆ ತಟ್ಟಿ, "ಅಬ್ಬಾ, ಏನ್ ಆಕ್ಟಿಂಗೇ! ಇದನ್ನ ನಾಳೆಗೆ ಇಟ್ಕೋ" ಎಂದಳು.

ಮರುದಿನ ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು ಗುಂಡಿಯಕ್ಕ ಬಟ್ಟೆಯ ಹೊಟ್ಟೆಯನ್ನು ತಾನೇ ಕಟ್ಟಿಕೊಂಡಳು. ಒಳಗೆ ಮಗು, ಅದರ ಮೇಲೆ ಬಿಗಿದ ಪಟ್ಟಿ, ಪಟ್ಟಿಯ ಮೇಲೆ ಶರ್ಟಿನ ಚೂರು ತುಂಬಿದ ಗಂಟು. ತನ್ನ ಮೈಯ ಮೇಲೇ ಅವಳಿಗೆ ಹೇಸಿಗೆಯಾಯಿತು. "ಏನ್ ಕರ್ಮ ಕಂದಾ ನಿಂದು" ಎಂದು ಮೆಲ್ಲಗೆ ಹೇಳಿ ಹೊರಗೆ ಬಂದಳು.

ಬಂದ ಮೇಡಂ ಕೂಡ ಬಸುರಿ! ಎಂಟು ತಿಂಗಳು ತುಂಬಿದ ಹೊಟ್ಟೆ, ಸಡಿಲವಾದ ಮೆತ್ತನೆ ಉಡುಪು, ಮುಖದಲ್ಲಿ ಸಾಕಷ್ಟು ನಿದ್ದೆ ಮಾಡಿದವರ ಕಳೆ. ಜೊತೆಗೊಬ್ಬಳು ದುಭಾಷಿ ಹುಡುಗಿ. ಮಶೀನುಗಳನ್ನು ನಿಲ್ಲಿಸಿದ್ದರು, ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಗುಂಡಿಯಕ್ಕನ ಮಶೀನಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಮೇಡಂ ಕೂತಳು. ಅವಳಾಡಿದ್ದನ್ನೆಲ್ಲ ಹುಡುಗಿ ಕನ್ನಡದಲ್ಲಿ ಹೇಳುತ್ತಾ ಹೋದಳು.

"ಮೇಡಮ್ಮಿಗೂ ಇದು ಎರಡನೇದಂತೆ. ಅವರ ದೇಶದಲ್ಲಿ ಒಂದು ವರ್ಷ ರಜೆ ಕೊಡ್ತಾರಂತೆ, ಸಂಬಳ ಮನೆಗೇ ಬರುತ್ತಂತೆ. ಗಂಡಂಗೂ ರಜೆ."

"ಗಂಡಂಗ್ಯಾಕೆ? ಅವನೇನು ಹೆರ್ತಾನಾ?" ಗುಂಡಿಯಕ್ಕನ ಬಾಯಿಂದ ಜಾರಿಯೇ ಹೋಯಿತು. ಸುತ್ತಲಿನವರು ನಗು ತಡೆದರು. ಆಫೀಸರ್ ಕಣ್ಣು ಕೆಕ್ಕರಿಸಿದ.

"ಮಗು ನೋಡ್ಕೊಳ್ಳೋಕಂತೆ. ಹೆರಿಗೆಯಾದ ಮೇಲೆ ನರ್ಸು ಮನೆಗೆ ಬಂದು ತಾಯಿ, ಮಗು ಇಬ್ಬರನ್ನೂ ನೋಡಿ ಹೋಗ್ತಾಳಂತೆ."

"ಬಂದೋಳಿಗೆ ಏನು ಕೊಡ್ಬೇಕು?"

ದುಭಾಷಿ ಕೇಳಿದಳು. ಮೇಡಂಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೇ ಸಲ ಬಿಡಿಸಿ ಹೇಳಿದ ಮೇಲೆ ಜೋರಾಗಿ ನಕ್ಕಳು. "ಬೇಕಾದ್ರೆ ಟೀ ಕೊಡಬಹುದಂತೆ. ಆಸ್ಪತ್ರೆಲೂ ಒಂದು ಪೈಸೆ ಇಲ್ವಂತೆ. ಕಾರು ನಿಲ್ಲಿಸಿದ್ದಕ್ಕೆ ಮಾತ್ರ ದುಡ್ಡು ತಗೊಂಡ್ರಂತೆ. ಅದು ತುಂಬಾ ಜಾಸ್ತಿ, ಅನ್ಯಾಯ, ಅದರ ಬಗ್ಗೆ ದೂರು ಕೊಟ್ಟಿದ್ದೀನಿ ಅಂತಿದ್ದಾರೆ."

ಕಾರು ನಿಲ್ಲಿಸಿದ್ದಕ್ಕೆ ದುಡ್ಡು ಕೇಳಿದ್ದು ಅನ್ಯಾಯವಂತೆ! ಗುಂಡಿಯಕ್ಕನಿಗೆ ಮಗುವಿನ ಮುಖ ಮುಚ್ಚಿ ಹಿಡಿದು ನಿಂತ ಆಯಾ ಕಣ್ಣಮುಂದೆ ಬಂದಳು. ಮೈ ಚುರುಗುಟ್ಟಿತು. ಅಸೂಯೆಯಾ ಎಂದರೆ ಅಸೂಯೆಯೇ. ಅದಕ್ಕಿಂತ ಹೆಚ್ಚಾಗಿ ವಾಕರಿಕೆ. ಒಂದೇ ನೋವು ತಿಂದು ಹೆರುವ ಇಬ್ಬರಲ್ಲಿ ಒಬ್ಬಳಿಗೆ ಟೀ ಕುಡಿಯುವ ನರ್ಸು, ಇನ್ನೊಬ್ಬಳಿಗೆ ಪರರ ರಕ್ತದ ಹಾಸಿಗೆ. ಇದನ್ನು ಯಾರು ಹಂಚಿದ್ದು?

"ನಿಮಗಿಲ್ಲಿ ಏನೇನು ಸಿಗುತ್ತೆ ಅಂತ ಕೇಳ್ತಿದ್ದಾರೆ."

ಗುಂಡಿಯಕ್ಕ ಬಾಯಿಪಾಠ ಒಪ್ಪಿಸಿದಳು. ರಜೆ ಸಿಗುತ್ತೆ. ಸಂಬಳ ಸಿಗುತ್ತೆ. ಆಸ್ಪತ್ರೆ ಖರ್ಚು ಸಿಗುತ್ತೆ. ಮೇಡಂ ಸಂತೋಷದಿಂದ ಮುಂದಕ್ಕೆ ಬಾಗಿ, ಕೇಳದೆ ಮಾಡದೆ, ಅಂಗೈಯನ್ನು ಅವಳ ಹೊಟ್ಟೆಯ ಮೇಲಿಟ್ಟಳು.

ಕೈ ಅಲ್ಲೇ ನಿಂತಿತು. ಬೆರಳು ಒಮ್ಮೆ ಒತ್ತಿತು, ಬಟ್ಟೆಯ ಗಂಟು ಒಂದು ಕಡೆಗೆ ಸರಿಯಿತು. ತಾನೂ ಬಸುರಿಯಾದವಳಿಗೆ ಸುಳ್ಳು ಗೊತ್ತಾಗಲು ಇದಕ್ಕಿಂತ ಇನ್ನೇನು ಬೇಕು? ಇಬ್ಬರ ಕಣ್ಣೂ ಕೂಡಿದವು. ಗುಂಡಿಯಕ್ಕ ಕಾಯುತ್ತಾ ಕೂತಳು. ಈಗ ಕೂಗುತ್ತಾಳೆ, ಈಗ ಎದ್ದು ನಿಲ್ಲುತ್ತಾಳೆ.

ಮೇಡಂ ಕೈ ತೆಗೆದು, ನಕ್ಕು, ಏನೋ ಹೇಳಿದಳು.

"ಶುಭಾಶಯ ಅಂತೆ. ಎಲ್ಲಾ ತುಂಬಾ ಚೆನ್ನಾಗಿದೆಯಂತೆ" ಎಂದಳು ದುಭಾಷಿ.

ಗೊತ್ತಾಗಿದೆ, ಗೊತ್ತಾಗಿಯೂ ನಗುತ್ತಿದ್ದಾಳೆ! ಆಫೀಸರ್ ಸುಳ್ಳು ಹೇಳುವುದು ಅವನ ಹೊಟ್ಟೆಪಾಡು, ಇರಲಿ. ಆದರೆ ಇವಳಿಗೇನು ಬಂದಿತ್ತು ರೋಗ? ವರ್ಷದ ರಜೆ ಬಗಲಲ್ಲಿಟ್ಟುಕೊಂಡು ಚಿಂದಿಗೆ ಶುಭಾಶಯ ಹೇಳುತ್ತಾಳಲ್ಲ! ಗುಂಡಿಯಕ್ಕನಿಗೆ ತಲೆಗೇರಿತು. ಎರಡು ತಿಂಗಳು, ವರ್ಷ, ಬ್ರೇಕು, ಎಲ್ಲ ಲೆಕ್ಕವೂ ಮರೆತುಹೋಯಿತು. ಎದ್ದು ನಿಂತು ಏಪ್ರನ್ ಒಳಗೆ ಕೈ ಹಾಕಿ ಗಂಟನ್ನು ಕಿತ್ತು ಮಶೀನಿನ ಮೇಲೆ ಒಗೆದಳು.

"ಅದು ಚಿಂದಿ ಮೇಡಂ. ಮಗು ಇಲ್ಲಿದೆ." ಪಟ್ಟಿಯ ಸುತ್ತುಗಳನ್ನು ಒಂದೊಂದಾಗಿ ಬಿಚ್ಚಿದಳು. ಹೊಟ್ಟೆ ಮುಂದಕ್ಕೆ ಬಂದು ನಿಂತಿತು. ಮೇಡಂನ ಕೈಯನ್ನು ಎಳೆದು ಅದರ ಮೇಲೆ ಇಟ್ಟಳು. "ಈಗ ಹೇಳಿ ನಿಮ್ಮ ಶುಭಾಶಯ. ಹೊಟ್ಟೆ ಕಂಡ್ರೆ ಮನೆಗೆ ಕಳಿಸ್ತಾರೆ ಇಲ್ಲಿ. ಅದಕ್ಕೆ ಕಟ್ಕೊಂಡು ಸಾಯ್ತಿದ್ದೀನಿ."

ದುಭಾಷಿ ಹುಡುಗಿ ಹೇಳಲೋ ಬೇಡವೋ ಎಂದು ಆಫೀಸರ್ ಮುಖ ನೋಡಿದಳು. ಅಷ್ಟರಲ್ಲಿ ಎದುರು ಸಾಲಿನಿಂದ ಕಾಲರ್ ಹೊಲಿಯುವ ಹುಡುಗಿ ಎದ್ದಳು. ಮೈಯಲ್ಲಿ ಮಾಂಸವಿಲ್ಲದ ಸಣಕಲು ಹುಡುಗಿ. ಅವಳೂ ಪಟ್ಟಿ ಬಿಚ್ಚತೊಡಗಿದಳು. ಹಿಂದೆ ಜೇಬು ಹೊಲಿಯುವವಳು ಎದ್ದಳು. ಬಾಗಿಲ ಹತ್ತಿರ ಇಸ್ತ್ರಿ ಮಾಡುವವಳು ಎದ್ದಳು. ದಿನಾ ಪಕ್ಕದಲ್ಲಿ ಕೂತು ಉಂಡವರು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅಯ್ಯೋ ದೇವರೇ, ಎಷ್ಟು ಜನ ಹೀಗೆ ಉಸಿರು ಕಟ್ಟಿಕೊಂಡು ಕೂತಿದ್ದರು!

ದುಭಾಷಿ ಕೊನೆಗೆ ಹೇಳಿಯೇ ಬಿಟ್ಟಳು. ಮೇಡಂ ನಾಲ್ವರನ್ನೂ ನೋಡಿದಳು. ಮುಖ ಬಾಡಿತು, ನಿಜ. ಆದರೆ ಗಡಿಯಾರವನ್ನೂ ನೋಡಿಕೊಂಡಳು. ಮೆಲ್ಲಗೆ ಏನೋ ಹೇಳಿದಳು.

"ತುಂಬಾ ಬೇಜಾರಾಗ್ತಿದೆಯಂತೆ" ಎಂದಳು ದುಭಾಷಿ ತಲೆ ಎತ್ತದೆ. "ಆದ್ರೆ ವರದಿಗೆ ಒಬ್ಬರ ವಿಷಯ ಬೇಕಂತೆ. ಒಬ್ಬರಿಗೆ ಸರಿಯಾಗಿ ಸಿಕ್ರೆ ಸಾಕಂತೆ. ಉಳಿದಿದ್ದು ಮುಂದೆ ಬರೋರು ನೋಡ್ತಾರಂತೆ. ಮೇಡಮ್ಮಿಗೆ ನಾಳೆಯಿಂದ ಹೆರಿಗೆ ರಜೆಯಂತೆ."

ಆಫೀಸರ್ ಮುಖಕ್ಕೆ ರಕ್ತ ವಾಪಸು ಬಂತು. "ಒಬ್ಬರಿಗೆ ತಾನೇ? ಈಗ್ಲೇ! ಇವಳಿಗೇ ಕೊಟ್ವಿ. ಇವತ್ತಿಂದಲೇ ರಜೆ, ಪೂರ್ತಿ ಸಂಬಳ, ಆಸ್ಪತ್ರೆ ಖರ್ಚು ಕಂಪನಿದು." ಆಮೇಲೆ ಉಳಿದ ಮೂವರ ಕಡೆ ತಿರುಗಿ, ದುಭಾಷಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ, "ಹೊಟ್ಟೆ ಕಾಣದ ಹಾಗೆ ಕೂತು ಕೆಲಸ ಮಾಡೋರನ್ನ ನಾನು ನೋಡೇ ಇಲ್ಲ ಅಂದ್ಕೋತೀನಿ. ಕಾಣೋರಿಗೆ ಬ್ರೇಕು. ಯೋಚ್ನೆ ಮಾಡಿ" ಎಂದ. ಮತ್ತೆ ಗುಂಡಿಯಕ್ಕನತ್ತ ತಿರುಗಿದಾಗ ದನಿಯಲ್ಲಿ ಬೆಣ್ಣೆ. "ಏನಮ್ಮ, ಒಪ್ಪಿಗೆ ತಾನೇ?"

ಬೇಡ ಎನ್ನಬೇಕಿತ್ತು. ಕೊಟ್ಟರೆ ನಾಲ್ವರಿಗೂ ಕೊಡಿ ಎಂದು ಅಲ್ಲೇ ಕೂರಬೇಕಿತ್ತು. ಆದರೆ ಒಣಗಿದ ರಕ್ತದ ಆ ಹಾಸಿಗೆ ಬೆನ್ನಿಗೆ ತಾಗಿದ ಹಾಗಾಯಿತು. ಹಾಳು ಕತ್ತು ತಾನಾಗಿಯೇ ಮೇಲೆ ಕೆಳಗೆ ಆಡಿತು. ಮೇಡಂ ಅದನ್ನು ನೋಡಿ ನೆಮ್ಮದಿಯಿಂದ ಏನೋ ಬರೆದುಕೊಂಡು, ಸೊಂಟ ಹಿಡಿದುಕೊಂಡು ಎದ್ದು ಹೋದಳು.

ಜೇಬು ಹೊಲಿಯುವವಳು ಕೂತಳು. ಇಸ್ತ್ರಿಯವಳು ಗೋಡೆಗೆ ಮುಖ ಮಾಡಿ ಬಟ್ಟೆ ಸುತ್ತಿಕೊಂಡಳು. ಯಾರೂ ಗುಂಡಿಯಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬ್ಯಾಗು ಎತ್ತಿಕೊಂಡು ಹೊರಟವಳನ್ನು ಕಾಲರ್ ಹುಡುಗಿ ಕರೆದಳು. ಅವಳ ಕೈಯಲ್ಲಿ ಪಟ್ಟಿ ಇತ್ತು, ಮುಖದಲ್ಲಿ ಕೋಪವೇನೂ ಇರಲಿಲ್ಲ.

"ಅಕ್ಕಾ, ಹೋಗೋ ಮುಂಚೆ ಈ ತುದಿ ಸ್ವಲ್ಪ ಹಿಡಿ. ಒಬ್ಳೇ ಬಿಗಿಯೋಕೆ ಆಗ್ತಿಲ್ಲ."

ಗುಂಡಿಯಕ್ಕ ಬ್ಯಾಗು ಕೆಳಗಿಟ್ಟು ತುದಿ ಹಿಡಿದು ಎಳೆದಳು.

"ಸಾಕಾ?"

"ಇನ್ನೂ ಸ್ವಲ್ಪ, ಅಕ್ಕ" ಎಂದಳು ಹುಡುಗಿ.