ಗಾಜಿನೊಳಗಿನ ಬ್ರಹ್ಮಚಾರಿ

ಸೊಂಟಪಟ್ಟಿಯ ಬೆಳ್ಳಿ ಗುಂಡಿ ದುಂಡಗಿರಬೇಕೋ ಚೌಕವಾಗಿರಬೇಕೋ ಎಂಬ ಪ್ರಶ್ನೆಗೆ ಲೋಕದ ಪಂಡಿತರು ಇನ್ನೂ ತಕ್ಕ ಗಮನ ಕೊಟ್ಟಿಲ್ಲ. ಇಸ್ಸಾತ್ ಮುದುಕ ಮಾತ್ರ ಒಂದು ಮ್ಯೂಸಿಯಮ್ಮಿನ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತಿನಿಂದ ಅದನ್ನೇ ಯೋಚಿಸುತ್ತಿದ್ದ.

ಒಳಗೆ ಅವನದೇ ಸಾಮಿ ಜನಾಂಗದ ಗುಡಾರ, ಬಣ್ಣದ ಕಾಗದದ ಬೆಂಕಿ, ಸೋತ ಮುಖದ ಹಿಮಸಾರಂಗ, ಗಂಡು ಹೆಣ್ಣು ಎರಡು ಗೊಂಬೆಗಳು. ಹೆಂಗಸಿನ ಮೈಮೇಲಿದ್ದ ನೀಲಿ ಅಂಗಿ ಅವನ ಹೆಂಡತಿ ರಾವ್ನಾಳದು, ಅವಳೇ ಹೊಲಿದದ್ದು. ಚಳಿಗಾಲದಲ್ಲಿ ಅವಳು ತೀರಿಕೊಂಡ ಮೇಲೆ ಮ್ಯೂಸಿಯಮ್ಮಿನವರು ಕೇಳಿದರೆಂದು ಇಸ್ಸಾತನೇ ಕೊಟ್ಟಿದ್ದ. ಮನೆಯ ಗೋಡೆಯ ಮೊಳೆಯಲ್ಲಿ ಅದು ತೂಗುತ್ತಿರುವಾಗ ಊಟ ಸೇರುತ್ತಿರಲಿಲ್ಲ. ಕೊಟ್ಟ ಮೇಲೆ ಬರಿಯ ಮೊಳೆ ಇನ್ನೂ ಕಷ್ಟವಾಯಿತು. ನೋಡಿಕೊಂಡು ಹೋಗೋಣವೆಂದು ನಾರ್ವೆಯ ಉತ್ತರ ತುದಿಯ ತನ್ನೂರು ಕೌಟೊಕೇನೊದಿಂದ ದಕ್ಷಿಣದ ಈ ನಗರಕ್ಕೆ ಬಂದಿದ್ದ.

"ಇವನ್ಯಾರು ತಾಯೀ?"

ಮ್ಯೂಸಿಯಮ್ಮಿನ ಕೆಲಸದವಳು ತೂರಿಡ್ ನಕ್ಕಳು. "ಗಂಡ, ಅಜ್ಜಾ. ಬೋರ್ಡಲ್ಲೇ ಇದೆಯಲ್ಲ, 'ಸಾಮಿ ದಂಪತಿ' ಅಂತ."

"ಯಾವ ಗಂಡ? ಪಟ್ಟೀಲಿ ದುಂಡು ಗುಂಡಿ ಇದೆ. ಅದು ಮದುವೆ ಆಗದೋರು ಹಾಕೋದು. ಆದೋರಿಗೆ ಚೌಕ, ಇಲ್ನೋಡು." ತನ್ನ ಸೊಂಟ ತೋರಿಸಿದ. "ನನ್ನ ಹೆಂಡ್ತೀನ ಯಾವನೋ ಬ್ರಹ್ಮಚಾರಿ ಜೊತೆ ಗುಡಾರದಲ್ಲಿ ಕೂರಿಸಿದೀರಲ್ಲ!"

"ಅಯ್ಯೋ, ಇಲ್ಲಿ ಬರೋರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ?"

"ಅವಳಿಗೆ ಗೊತ್ತಾಗುತ್ತೆ."

ತೂರಿಡ್‌ಳ ನಗು ನಿಂತಿತು. "ನಮ್ಮತ್ರ ಇರೋದು ಇದೊಂದೇ ಪಟ್ಟಿ, ಅಜ್ಜಾ. ಚೌಕದ್ದು ಸಿಕ್ಕಿದ ದಿನ ಬದಲಾಯಿಸ್ತೀವಿ."

ಇಸ್ಸಾತನಿಗೆ ತಂಗಿ ಬೆರೆತ್ ನೆನಪಾದಳು. ಚಳಿಗಾಲವೆಲ್ಲ ಅವಳದು ಒಂದೇ ರಾಗ: "ಅಣ್ಣಾ, ಗೋಡೆ ಜೊತೆ ಎಷ್ಟು ದಿನ ಕಾಫಿ ಕುಡೀತೀಯ? ಆ ಚೌಕ ಬಿಚ್ಚಿಡು. ಈಸ್ಟರ್ ಸಂತೇಗೆ ಎಷ್ಟು ವಿಧವೆಯರು ಬರ್ತಾರೆ!" "ಗೋಡೆ ನಿನ್ನಷ್ಟು ಮಾತಾಡಲ್ಲ," ಎಂದು ಅವಳ ಬಾಯಿ ಮುಚ್ಚಿಸಿದ್ದ.

ಈಗ ಅವನ ಕೈ ಸೊಂಟಕ್ಕೆ ಹೋಯಿತು.

"ಬೇಡ ಅಜ್ಜಾ, ಅದು ನಿಮ್ಮದು. ಒಮ್ಮೆ ಒಳಗೆ ಹೋದ್ರೆ ವಾಪಸ್ ಕೊಡಕ್ಕಾಗಲ್ಲ."

"ಬಾಗಿಲು ತೆಗಿ."

ಅವಳು ಮೇಲಿನವರನ್ನು ಕೇಳಿ ಬೀಗದ ಕೈ ತಂದಳು. ದುಂಡು ಗುಂಡಿಯದನ್ನು ಬಿಚ್ಚಿ ಗಂಡು ಗೊಂಬೆಗೆ ಕಟ್ಟಿದ ಇಸ್ಸಾತನ ಪಟ್ಟಿ ಜಾರಿ ತೊಡೆಗೆ ಬಂತು.

"ಇವನಿಗೆ ಊಟ ಹಾಕಲ್ವೇನು?" ಎಂದ ಇಸ್ಸಾತ್.

ಅವಳು ಹಿಂದಿನಿಂದ ಪಿನ್ನು ಚುಚ್ಚಿ ಬಿಗಿ ಮಾಡಿದಳು. ಅವನು ರಾವ್ನಾಳ ಅಂಗಿಯ ತೋಳಿನ ಮಡಿಕೆಯೊಂದನ್ನು ಸರಿಪಡಿಸಿ ಹೊರಬಂದ. ಪಟ್ಟಿಯಿಲ್ಲದೆ ಅವನ ಅಂಗಿ ಮೊಣಕಾಲಿನವರೆಗೆ ಜೋತುಬಿದ್ದಿತ್ತು. ಗಾಜಿನ ಬಾಗಿಲಿಗೆ ಬೀಗ ಬಿತ್ತು.

'ಸಾಮಿ ದಂಪತಿ' ಎಂಬ ಬೋರ್ಡು ಬದಲಾಯಿಸುವ ಅಗತ್ಯ ಬೀಳಲಿಲ್ಲ.