ಫೆಬ್ರವರಿ ಒಂಬತ್ತರ ಆಟ

ಟ್ಯಾಕ್ಸಿ ಬಾಳ್ಳುಪೇಟೆ ದಾಟಿತೆಂದು ಬ್ರೆಂಡಾಳ ಮೆಸೇಜು ಬಂದಾಗ ಮೆಹರೀನ್ ಗೋಡೌನಿನ ಹಿಂದಿನ ಕೋಣೆಯಲ್ಲಿ ಕಾಫಿ ಸ್ಯಾಂಪಲ್ ಹುರಿಯುತ್ತಿದ್ದಳು. ನೂರು ಗ್ರಾಂ ಬೀಜ ಹಿಡಿಯುವ ಪುಟ್ಟ ಡ್ರಮ್ಮು ಗರಗರ ತಿರುಗುತ್ತಿತ್ತು. ಬೀಜ ಎರಡನೇ ಸಲ ಚಟಗುಟ್ಟುವ ಮೊದಲು ಇಳಿಸಬೇಕಿತ್ತು. ಅವಳು ಫೋನು ಹಿಡಿದು ನಿಂತೇ ಇದ್ದಳು. ಹದಿನಾರು ವರ್ಷದಲ್ಲಿ ಒಂದು ಸ್ಯಾಂಪಲ್ಲನ್ನೂ ಸೀಯಲು ಬಿಡದವಳ ಕೈಯಲ್ಲಿ ಅಂದು ಬೀಜ ಕರಕಲಾಯಿತು. ಹೊಗೆ ಕಂಡು, ಹೊರಗೆ ಕಪ್ಪು ಬೀಜ ಆರಿಸುತ್ತ ಕೂತಿದ್ದ ಚೌಡಮ್ಮ ಬಾಗಿಲಿಗೆ ಬಂದಳು.

"ಮೈಮ್ಯಾಲೆ ಗ್ಯಾನ ಇಲ್ವಾ ಮೆಹರೀನಕ್ಕ? ಸೀದ್ಹೋಗ್ಬುಡ್ತು ನೋಡಿ."

ನೆಂಟರು ಬರುತ್ತಿದ್ದಾರೆ ಎಂದಷ್ಟೇ ಹೇಳಿ ಮೆಹರೀನ್ ಡ್ರಮ್ಮನ್ನು ನಿಲ್ಲಿಸಿದಳು. ಬರುತ್ತಿದ್ದವಳು ನೆಂಟಳಲ್ಲ. ಆರು ವರ್ಷದಿಂದ ವಾರಕ್ಕೊಮ್ಮೆಯಾದರೂ ಮಾತಾಡಿದ, ಒಮ್ಮೆಯೂ ಮುಖಾಮುಖಿ ಕಾಣದ ಒಬ್ಬ ಇಂಗ್ಲಿಷ್ ಹೆಂಗಸು. ಅವಳಿಗೆ ಮೆಹರೀನ್ ಒಂದು ಸುಳ್ಳು ಹೇಳಿದ್ದಳು. ಇನ್ನರ್ಧ ಗಂಟೆಯಲ್ಲಿ ಆ ಸುಳ್ಳಿನ ಜೊತೆ ಊಟಕ್ಕೆ ಕೂರಬೇಕಿತ್ತು.

ಮೆಹರೀನ್‌ಗೆ ನಲವತ್ತೊಂದು ವರ್ಷ. ಇಪ್ಪತ್ನಾಲ್ಕಕ್ಕೆ ಮಂಗಳೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಹದಿನೆಂಟು ದಿನ ಜೊತೆಗಿದ್ದು ದುಬೈಗೆ ಹೋದ. ಮೂರನೇ ತಿಂಗಳು ಯಾರದೋ ಕೈಯಲ್ಲಿ ಒಂದು ಹಳೆಯ ಸೀಡಿ ಪ್ಲೇಯರ್ ಕಳಿಸಿದ. ಯಾರೋ ಬಳಸಿ ಮಾರಿದ್ದು. ಅದರೊಳಗೆ ಅವರು ತೆಗೆಯಲು ಮರೆತ ಒಂದು ಸೀಡಿ ಉಳಿದುಕೊಂಡಿತ್ತು. ಲಂಡನ್ನಿನಲ್ಲಿ ಮೂವತ್ತೊಂದು ವರ್ಷದಿಂದ ನಡೆಯುತ್ತಿರುವ 'ಹಾರ್ಬರ್ ಲೇನ್' ಎಂಬ ಸಂಗೀತ ನಾಟಕವನ್ನು ರಂಗಮಂದಿರದಲ್ಲೇ ರೆಕಾರ್ಡು ಮಾಡಿದ್ದು ಅದು. ಬಂದರಿನ ಬೀದಿಯಲ್ಲಿ ನಾವಿಕರ ಬಟ್ಟೆ ಒಗೆದುಕೊಂಡಿರುವ ನೆಲ್ ಎಂಬವಳ ಕಥೆ. ಹಡಗುಗಳು ಬರುತ್ತವೆ, ಹೋಗುತ್ತವೆ, ನೆಲ್ ಒಗೆಯುತ್ತಲೇ ಇರುತ್ತಾಳೆ. ಮೆಹರೀನ್‌ಗೆ ಇದೊಂದೂ ಮೊದಲು ಗೊತ್ತಾಗಲಿಲ್ಲ. ಪಿಯುಸಿಯ ಇಂಗ್ಲಿಷಿನಲ್ಲಿ ಒಂದೊಂದೇ ಪದ ಬಿಡಿಸಿಕೊಂಡಳು. ಎಂಟು ತಿಂಗಳು ಅತ್ತೆಮನೆಯ ಮೇಲಂತಸ್ತಿನಲ್ಲಿ ಅದೊಂದನ್ನೇ ಕೇಳಿದಳು. ಆಮೇಲೆ ದುಬೈಯಲ್ಲಿ ಅವನಿಗೆ ಬೇರೊಂದು ಸಂಸಾರ ಇದ್ದದ್ದು ತಿಳಿಯಿತು, ಹಿರಿಯರು ಕೂತು ಮಾತಾಡಿದರು, ಅಣ್ಣ ಶಾಹಬಾಜ್ ಹೋಗಿ ಕರೆತಂದ. ಒಡವೆ, ಪಾತ್ರೆಗಳ ಜೊತೆ ಸೀಡಿ ಪ್ಲೇಯರೂ ಸಕಲೇಶಪುರಕ್ಕೆ ಬಂತು.

ಅಣ್ಣನದು ಕಾಫಿ ವ್ಯಾಪಾರ. ಕೂತು ಕೊರಗಬಾರದೆಂದು ಅವನು ತಂಗಿಗೆ ಬೀಜದ ಗುಣ ನೋಡುವುದನ್ನು ಕಲಿಸಿದ. ಅವಳ ನಾಲಿಗೆ ಅವನದಕ್ಕಿಂತ ಚುರುಕಾಗಿತ್ತು. ಹೆಗ್ಗದ್ದೆ ಕಡೆಯ ಬೀಜ ಯಾವುದು, ಬೆಳಗೋಡಿನದು ಯಾವುದು ಎಂದು ಒಂದು ಗುಟುಕಿನಲ್ಲಿ ಹೇಳುತ್ತಿದ್ದಳು. ಆ ಊರುಗಳನ್ನು ಮಾತ್ರ ನೋಡಿರಲಿಲ್ಲ. ಮನೆಯಿಂದ ಗೋಡೌನು, ಗೋಡೌನಿನಿಂದ ಮನೆ. ಮನೆಯಲ್ಲಿ ಅಣ್ಣ, ಅತ್ತಿಗೆ ಆಯಿಷಾ, ಮೂರು ಮಕ್ಕಳು. ಯಾರೂ ಅವಳನ್ನು ನೋಯಿಸಿದವರಲ್ಲ. ಹಬ್ಬಕ್ಕೆ ಮೊದಲು ಅವಳಿಗೇ ಬಟ್ಟೆ ತರುತ್ತಿದ್ದರು. ಆದರೂ ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮಾತಾಡುವಾಗ, ಆ ಮಾತಿನಲ್ಲಿ ತನ್ನದು ಸೇರಲಿ, ಬಿಡಲಿ, ಏನೂ ವ್ಯತ್ಯಾಸವಾಗುವುದಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು.

ಆರು ವರ್ಷದ ಹಿಂದೆ ಫೋನಿನಲ್ಲಿ ಆ ನಾಟಕದ ಅಭಿಮಾನಿಗಳ ಗುಂಪು ಸಿಕ್ಕಿತು. ನಾಲ್ಕು ಸಾವಿರ ಜನ. ಸೇರುವವರಿಗೆ ಒಂದು ಪ್ರಶ್ನೆ ಇತ್ತು: ಮೊದಲು ಯಾವತ್ತು ನೋಡಿದಿರಿ? ನೋಡಿಲ್ಲ ಎಂದರೆ ಸೇರಿಸಿಕೊಳ್ಳಲಿಕ್ಕಿಲ್ಲ ಎಂದು ಅವಳು ಹೆದರಿದಳು. ಗೋಡೌನಿನ ಗೋಡೆಯಲ್ಲಿ ಹೆಗ್ಗಣ ಕೊರೆದ ತೂತಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದರು. ಅದನ್ನೇ ನೋಡಿ ಬರೆದಳು: ಎರಡು ಸಾವಿರದ ಹನ್ನೆರಡು, ಫೆಬ್ರವರಿ ಒಂಬತ್ತು. ಸೇರಿಸಿಕೊಂಡರು.

ಪ್ರತಿ ಭಾನುವಾರ, ಅಲ್ಲಿಯವರ ಮಧ್ಯಾಹ್ನಕ್ಕೆ, ಇಲ್ಲಿಯ ಸಂಜೆ ಆರಕ್ಕೆ, ಗುಂಪಿನವರೆಲ್ಲ ತಮ್ಮ ತಮ್ಮ ಊರುಗಳಲ್ಲಿ ಒಂದೇ ಕ್ಷಣಕ್ಕೆ ರೆಕಾರ್ಡು ಹಚ್ಚಿ, ಕೇಳುತ್ತ ಬರೆಯುತ್ತಿದ್ದರು. ಮೆಹರೀನ್ ಗೋಡೌನಿನ ತಾರಸಿಗೆ ಹೋಗಿ ಕಿವಿಗೆ ಹಚ್ಚಿಕೊಳ್ಳುತ್ತಿದ್ದಳು. ಮೂರನೇ ಹಾಡಿನ ನಡುವೆ ನೆಲ್ ಪಾತ್ರದವಳು ಅರ್ಧ ಉಸಿರು ಎಳೆದು ಬಿಟ್ಟುಬಿಡುತ್ತಾಳೆ, ಅಳು ಬಂದಿತ್ತೋ ಏನೋ ಎಂದು ಒಮ್ಮೆ ಬರೆದಾಗ, ಐವತ್ತು ಸಲ ನೋಡಿದವರೂ ಇದನ್ನು ಕೇಳಿಯೇ ಇರಲಿಲ್ಲ ಎಂದರು. ಬ್ರೆಂಡಾ ಪರಿಚಯವಾದದ್ದು ಆಗಲೇ. ಶಾಲೆಯೊಂದರಲ್ಲಿ ಮೂವತ್ತು ವರ್ಷ ಅಡುಗೆ ಮಾಡಿ ನಿವೃತ್ತಳಾದವಳು, ಆ ನಾಟಕವನ್ನು ನೂರ ಅರವತ್ತನಾಲ್ಕು ಸಲ ನೋಡಿದವಳು.

ಮೆಹರೀನ್‌ಗೆ ಒಂದು ವಿಷಯ ಮಾತ್ರ ಕೇಳಲಾಗದೆ ಉಳಿದಿತ್ತು. ರೆಕಾರ್ಡಿನ ಕೊನೆಯಲ್ಲಿ ಹಡಗು ಮೂರು ಸಲ ಕೂಗುತ್ತದೆ, ಹಡಗಿಗೆ ಹತ್ತುವ ಹಲಗೆಯ ಮೇಲೆ ನಾವಿಕರ ಹೆಜ್ಜೆ ಸದ್ದಾಗುತ್ತದೆ, ಆಮೇಲೆ ನಾಲ್ಕು ಸೆಕೆಂಡು ಏನೂ ಇಲ್ಲ, ಆಮೇಲೆ ಚಪ್ಪಾಳೆ. ಆ ನಾಲ್ಕು ಸೆಕೆಂಡಿನಲ್ಲಿ ನೆಲ್ ಏನು ಮಾಡುತ್ತಾಳೆ? ನೋಡಿದವರು ಅದನ್ನು ಪರಸ್ಪರ ಹೇಳಿಕೊಳ್ಳಬೇಕಾಗಿರಲಿಲ್ಲ. ಕೇಳಿದರೆ ನೋಡಿಲ್ಲವೆಂದು ಗೊತ್ತಾಗುತ್ತಿತ್ತು.

ಬ್ರೆಂಡಾ ಬಂದಳು. ಕುಳ್ಳು, ದಪ್ಪ ಹೆಂಗಸು. ಮಂಡಿ ನೋವಿಗೆ ಊರುಗೋಲು. ಬೇಲೂರು, ಹಳೇಬೀಡು ತೋರಿಸುವ ಪ್ರವಾಸದ ತಂಡವನ್ನು ಒಂದು ದಿನದ ಮಟ್ಟಿಗೆ ಹಾಸನದಲ್ಲೇ ಬಿಟ್ಟು ಬಂದಿದ್ದಳು. ಟ್ಯಾಕ್ಸಿಯಿಂದ ಇಳಿದವಳೇ ಮೆಹರೀನಳ ಎರಡೂ ಕೈ ಹಿಡಿದು, ಹುರಿದ ಬೀಜದ ವಾಸನೆ ಹೊಡೆಯುತ್ತಿದ್ದ ಬೆರಳುಗಳನ್ನು ಮೂಸಿ ನಕ್ಕಳು. ಮನೆಗೆ ಹೋದಾಗ ನೇರ ಆಯಿಷಾಳ ಅಡುಗೆಮನೆಗೆ ನುಗ್ಗಿ ಮಟನ್ನಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಆಯಿಷಾಳಿಗೆ ಇಂಗ್ಲಿಷ್ ಬಾರದು, ಆದರೆ ಐದು ನಿಮಿಷದಲ್ಲಿ ಇಬ್ಬರೂ ಈರುಳ್ಳಿ ಎಷ್ಟು ಬಾಡಬೇಕೆಂಬುದರ ಬಗ್ಗೆ ಕೈಸನ್ನೆಯಲ್ಲಿ ವಾದಕ್ಕಿಳಿದಿದ್ದರು.

ಊಟಕ್ಕೆ ಕೂತರು. ಮೆಹರೀನ್ ಬಡಿಸುತ್ತ ನಿಂತೇ ಇದ್ದಳು. ಶಾಹಬಾಜ್‌ಗೆ ಆಗಿದ್ದ ಸಂಭ್ರಮ ಅಷ್ಟಿಷ್ಟಲ್ಲ. ಇಂಗ್ಲಿಷ್ ಕಲಿಯುವ ಗುಂಪಿನಲ್ಲಿ ಸಿಕ್ಕ ಗೆಳತಿ ಎಂದು ತಂಗಿ ಹೇಳಿದ್ದನ್ನು ನಂಬಿದ್ದ. ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಈ ವರ್ಷದ ಕಾಫಿ ಬೆಳೆಯ ಬಗ್ಗೆ, ಘಾಟಿಯ ರಸ್ತೆಯ ಬಗ್ಗೆ ಹೇಳಿದ. ಕೊನೆಗೆ ತಂಗಿಯ ಕಡೆ ಕೈ ತೋರಿಸಿ, ಹೆಮ್ಮೆಯಿಂದ ಅಂದ:

"ನನ್ನ ತಂಗಿ ಮಂಗಳೂರು ದಾಟಿ ಆಚೆಗೆ ಹೋದವಳೇ ಅಲ್ಲ. ಇವಳ ಹತ್ರ ಪಾಸ್‌ಪೋರ್ಟೂ ಇಲ್ಲ. ಆದ್ರೂ ನೋಡಿ, ಇಂಗ್ಲೆಂಡಿಂದ ಇವಳನ್ನ ಹುಡುಕ್ಕೊಂಡು ಬಂದಿದ್ದೀರಿ."

ಮೆಹರೀನಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಬ್ರೆಂಡಾ ತಲೆಯೆತ್ತಲಿಲ್ಲ. ತಟ್ಟೆಯನ್ನು ಸ್ವಲ್ಪ ಮುಂದೆ ಸರಿಸಿ, ಇನ್ನೊಂದು ಸೌಟು ಹಾಕೆಂದು ಬೆರಳಲ್ಲಿ ತೋರಿಸಿದಳು. ಆಮೇಲೆ ಆಯಿಷಾಳ ಕಡೆ ತಿರುಗಿ, ಮಾಂಸ ಬಹಳ ಮೆತ್ತಗೆ ಬೆಂದಿದೆ ಎಂದಳು.

ಊಟವಾದ ಮೇಲೆ ಗೋಡೌನು ತೋರಿಸುವ ನೆಪದಲ್ಲಿ ಇಬ್ಬರೇ ಬಂದರು. ಜನವರಿ, ಕೊಯ್ಲಿನ ಕಾಲವಾದ್ದರಿಂದ ಚೀಲಗಳನ್ನು ಸೂರಿನ ತನಕ ಒಟ್ಟಿದ್ದರು. ಸ್ಯಾಂಪಲ್ ಕೋಣೆಯಲ್ಲಿ ಬ್ರೆಂಡಾಳನ್ನು ಕುರ್ಚಿಯಲ್ಲಿ ಕೂರಿಸಿ, ಮೆಹರೀನ್ ಕಾಫಿ ಬೆರೆಸಿ ಕೊಟ್ಟಳು. ತಾನು ಕೂರಲಿಲ್ಲ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸಿಕೊಂಡ ವಾಕ್ಯಗಳು ಬಾಯಿಗೆ ಬರುವಾಗ ತುಂಡಾದವು.

"ನಾನು ಆ ನಾಟಕ ನೋಡಿಲ್ಲ," ಎಂದಳು. "ಯಾವತ್ತೂ ನೋಡಿಲ್ಲ. ಸುಳ್ಳು ಬರೆದೆ."

"ಗೊತ್ತು," ಎಂದಳು ಬ್ರೆಂಡಾ.

ಅಣ್ಣ ಹೇಳಿದ್ದರಿಂದ ಗೊತ್ತಾಯಿತೇ ಎಂದು ಮೆಹರೀನ್ ಕೇಳಿದಳು. ಅಲ್ಲವೆಂದು ಬ್ರೆಂಡಾ ತಲೆಯಾಡಿಸಿದಳು. ಕಪ್ಪನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದಳು. ಆ ಫೆಬ್ರವರಿ ಒಂಬತ್ತರಂದು ಆಟವೇ ಆಗಿರಲಿಲ್ಲ. ರಂಗದ ಮೇಲಿನ ನೀರಿನ ಪೈಪು ಒಡೆದು ಪರದೆಗಳೆಲ್ಲ ನೆನೆದಿದ್ದವು. ಬಾಗಿಲಿಗೆ ಬಂದವರನ್ನು ವಾಪಸು ಕಳಿಸಿದರು. ಕೊರೋನಾದ ಕಾಲ ಬಿಟ್ಟರೆ ಮೂವತ್ತೊಂದು ವರ್ಷದಲ್ಲಿ ಆಟ ನಿಂತ ದಿನಗಳು ಹನ್ನೊಂದೇ ಹನ್ನೊಂದು. ಅಭಿಮಾನಿಗಳಿಗೆ ಅವೆಲ್ಲ ಬಾಯಿಪಾಠ. ಆವತ್ತು ಬ್ರೆಂಡಾ ಮತ್ತು ಅವಳ ತಂಗಿ ಟಿಕೆಟು ಹಿಡಿದುಕೊಂಡು ಚಳಿಯಲ್ಲಿ ಫುಟ್‌ಪಾತಿನ ಮೇಲೆ ನಿಂತಿದ್ದರು.

"ಬೇರೆಯವರಿಗೂ ಗೊತ್ತಾ?"

"ಹಳಬರಿಗೆಲ್ಲ ಗೊತ್ತು. ನೀನು ಸೇರಿದ ವಾರವೇ."

ಮೆಹರೀನ್‌ಗೆ ಆರು ವರ್ಷದ ಮಾತುಗಳು ಒಂದೊಂದಾಗಿ ನೆನಪಿಗೆ ಬಂದವು. ಆ ವರ್ಷ ನೆಲ್ ಪಾತ್ರ ಮಾಡಿದವಳನ್ನು ನೋಡಿದ ನೀನು ಪುಣ್ಯವಂತೆ ಎಂದು ಯಾರೋ ಬರೆದಿದ್ದರು. ನಿನ್ನ ಸೀಟು ಮೇಲಿತ್ತೋ ಕೆಳಗಿತ್ತೋ ಎಂದು ಹೊಸಬನೊಬ್ಬ ಕೇಳಿದಾಗ, ಅವಳು ಉತ್ತರಿಸುವ ಮೊದಲೇ ಬೇರೆ ಯಾರೋ ಮಾತು ಬದಲಿಸಿದ್ದರು. ಅದೃಷ್ಟವೆಂದು ಆಗ ಸಮಾಧಾನಪಟ್ಟಿದ್ದಳು. ತನ್ನವರೆಂದುಕೊಂಡ ಅಷ್ಟು ಜನರೂ ಅವಳಿಗೆ ನೋವಾಗದಂತೆ ಸುತ್ತ ಮೆತ್ತಗೆ ಹೆಜ್ಜೆಯಿಡುತ್ತಿದ್ದರು, ಮನೆಯಲ್ಲಿ ಅಣ್ಣ, ಅತ್ತಿಗೆ ಇಡುವ ಹಾಗೆಯೇ. ಇದಕ್ಕೆ ಕೃತಜ್ಞಳಾಗಬೇಕೆಂದು ಗೊತ್ತಿತ್ತು. ಆಗಲಿಲ್ಲ.

"ಯಾಕೆ ಹೇಳಲಿಲ್ಲ?" ಎಂದು ಕೇಳಿದಳು.

"ಹೇಳಿದ್ದರೆ ನೀನು ಹೊರಟುಹೋಗುತ್ತಿದ್ದೆ," ಎಂದಳು ಬ್ರೆಂಡಾ. "ಆಮೇಲೆ ಆ ಅರ್ಧ ಉಸಿರಿನ ಬಗ್ಗೆ ನಮಗೆ ಯಾರು ಹೇಳುತ್ತಿದ್ದರು?"

ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲವಾದ್ದರಿಂದ ಮೆಹರೀನ್ ಕೇಳಿಯೇಬಿಟ್ಟಳು: ಕೊನೆಯಲ್ಲಿ, ಸದ್ದಿಲ್ಲದ ಆ ನಾಲ್ಕು ಸೆಕೆಂಡಿನಲ್ಲಿ, ನೆಲ್ ಏನು ಮಾಡುತ್ತಾಳೆ?

ಬ್ರೆಂಡಾ ಅವಳನ್ನು ದಿಟ್ಟಿಸಿದಳು. ಆರು ವರ್ಷವೂ ಇದು ಗೊತ್ತಿಲ್ಲದೆಯೇ ಕೇಳಿದೆಯಾ ಎಂದಳು. ಆಮೇಲೆ ಊರುಗೋಲನ್ನು ಕುರ್ಚಿಗೆ ಒರಗಿಸಿ ಎದ್ದು ಗೋಡೌನಿಗೆ ನಡೆದಳು. ಲಾರಿಗೆ ಚೀಲ ಹತ್ತಿಸುವ ಹಲಗೆಯೊಂದು ಬಾಗಿಲ ಬಳಿ ಓರೆಯಾಗಿತ್ತು. ಅದರ ಬುಡದಲ್ಲಿ ನಿಂತು, ಮೆಹರೀನಳ ಭುಜ ಹಿಡಿದು, ನೋಯುವ ಮಂಡಿಯ ಮೇಲೆ ಭಾರ ಬಿಟ್ಟು, ಇನ್ನೊಂದು ಕಾಲನ್ನು ಎತ್ತಿದಳು. ಕಾಲು ಹಲಗೆಯ ಮೇಲೆ ಗಾಳಿಯಲ್ಲಿ ನಿಂತಿತು. ಅವಳ ಮೈಯೆಲ್ಲ ನಡುಗುತ್ತಿತ್ತು. ಬೀಜ ಆರಿಸುತ್ತಿದ್ದ ಚೌಡಮ್ಮ, ಗಂಗಾಮಣಿ ಮೊರ ಕೆಳಗಿಟ್ಟು ನೋಡಿದರು.

"ಇಲ್ಲಿಗೆ ದೀಪ ಆರುತ್ತದೆ," ಎಂದಳು ಬ್ರೆಂಡಾ.

"ಹತ್ತುತ್ತಾಳಾ?"

"ಕಾಲು ಎತ್ತುತ್ತಾಳೆ. ಅಷ್ಟೇ."

ಕುರ್ಚಿಗೆ ಮರಳಿ ಕೂತು ಉಸಿರು ತಿರುಗಿದ ಮೇಲೆ ಬ್ರೆಂಡಾ ಹೇಳಿದಳು. ಕೆಲವು ದಿನ ಆ ಕಾಲು ಮುಂದಕ್ಕೆ ವಾಲಿದಂತೆ ಕಾಣುತ್ತದೆ, ಕೆಲವು ದಿನ ಹಿಂದಕ್ಕೆ. ಹತ್ತುತ್ತಾಳೆ ಎಂದು ತಂಗಿ, ಇಲ್ಲ ಎಂದು ತಾನು. ಮನೆಗೆ ಹೋಗುವ ಬಸ್ಸಿನಲ್ಲಿ ಪ್ರತಿ ಸಲ ಇದೇ ಜಗಳ. ತಂಗಿ ತೀರಿಕೊಂಡು ಏಳು ವರ್ಷವಾಯಿತು. ಬ್ರೆಂಡಾ ಈಗಲೂ ನಾಟಕಕ್ಕೆ ಹೋಗುತ್ತಾಳೆ, ಒಬ್ಬಳೇ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬ್ಯಾಗು ಇಟ್ಟುಕೊಳ್ಳುತ್ತಾಳೆ. ಇದನ್ನು ಹೇಳುವಾಗ ಅವಳ ದನಿಯಲ್ಲಿ ಅಳುವೇನೂ ಇರಲಿಲ್ಲ. ಕಾಫಿ ಆರಿತ್ತು, ಅದನ್ನೇ ಕುಡಿದಳು.

ನಾಲ್ಕು ಗಂಟೆಗೆ ಟ್ಯಾಕ್ಸಿ ಹೊರಟಿತು. ಭಾನುವಾರ ನಮ್ಮ ಜೊತೆ ಕೇಳಲು ಬರುತ್ತೀಯಲ್ಲ ಎಂದು ಕಿಟಕಿಯಿಂದ ಬ್ರೆಂಡಾ ಕೇಳಿದಳು. ಹುಷಾರಾಗಿ ಹೋಗಿ ಎಂದಷ್ಟೇ ಮೆಹರೀನ್ ಹೇಳಿದಳು. ಟ್ಯಾಕ್ಸಿ ಹಾಸನದ ಕಡೆ ತಿರುಗಿ ಮರೆಯಾಗುವ ತನಕ ರಸ್ತೆಯಲ್ಲಿ ನಿಂತಿದ್ದಳು. ಗೋಡೌನಿನಲ್ಲಿ ಇನ್ನೂ ಮೂರು ಸ್ಯಾಂಪಲ್ ಹುರಿಯುವುದು ಬಾಕಿ ಇತ್ತು. ಅತ್ತ ಹೋಗದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬೀಜದ ರುಚಿಯಲ್ಲಷ್ಟೇ ಗೊತ್ತಿದ್ದ ಬೆಳಗೋಡಿನ ಬೋರ್ಡಿದ್ದ ಬಸ್ಸು ಎಂಜಿನ್ ಚಾಲೂ ಆಗಿ ನಿಂತಿತ್ತು. ಹತ್ತಿದಳು.

ಕಿಟಕಿಯ ಬಳಿ ಕೂತಿದ್ದ ಮುದುಕಿಯೊಬ್ಬಳು ಸೊಪ್ಪಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಮಾಡಿದಳು. ಬಸ್ಸು ಊರು ದಾಟಿದ ಮೇಲೆ ಕೇಳಿದಳು:

"ಬೆಳಗೋಡಲ್ಲಿ ಯಾರವ್ರೆ ನಿಮ್ಗೆ?"

"ಯಾರೂ ಇಲ್ಲ," ಎಂದಳು ಮೆಹರೀನ್.

ಮುದುಕಿ ಅವಳ ಮುಖ ನೋಡಿದಳು. "ವಾಪಸ್ ಬರಾಕೆ ಆರೂವರೆಗೊಂದು ಬಸ್ಸೈತೆ," ಎಂದಷ್ಟೇ ಹೇಳಿದಳು.

ಬಿಸಿಲು ಗುಡ್ಡದ ನೆತ್ತಿಗೆ ಹೋಗಿತ್ತು. ರಸ್ತೆಯ ಬದಿಯ ಕಣದಲ್ಲಿ ಇಬ್ಬರು ಹೆಂಗಸರು ಒಣಗುತ್ತಿದ್ದ ಕಾಫಿಯನ್ನು ಗುಡ್ಡೆ ಮಾಡಿ, ಇಬ್ಬನಿಗೆ ಮೊದಲು ಟಾರ್ಪಾಲು ಎಳೆಯುತ್ತಿದ್ದರು. ಒಂದು ತುದಿ ಗಾಳಿಗೆ ಎದ್ದು ಹೊಯ್ದಾಡಿತು. ಅವರಲ್ಲೊಬ್ಬಳು ಅದರ ಮೇಲೆ ಕಾಲಿಟ್ಟು ನಿಂತು, ಕಲ್ಲು ತರಲು ಹೋದ ಇನ್ನೊಬ್ಬಳಿಗೆ ಕಾಯುತ್ತಿದ್ದಳು.